ವೈಸ್ ಸಿಟಿಗೆ ಯಾಕೆ ಮೂರನೇ ಸ್ಥಾನ?

ಜಿಟಿಎ 6 ಎರಡು ಸಲ ಮುಂದಕ್ಕೆ ಹೋಗಿದೆ. 2025ರಲ್ಲಿ ಬರಬೇಕಿದ್ದ ಆಟ 2026ರ ಮೇ ತಿಂಗಳಿಗೆ ಹೋಯಿತು, ಅಲ್ಲಿಂದ ನವೆಂಬರ್ 19ಕ್ಕೆ. ಪುಣೆಯ ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ಮೂವತ್ತೈದು ದಾಟಿದ ಗಂಡಸರು ಇದನ್ನು ಮನೆಯ ಮದುವೆಯೇ ಮುಂದೆ ಹೋಯಿತೇನೋ ಎಂಬಂತೆ ಚರ್ಚಿಸುತ್ತಾರೆ. ಒಬ್ಬ ನಾಗಪುರದವನು, ಒಬ್ಬ ವಿಜಯವಾಡದವನು, ನಾನು ದಾವಣಗೆರೆಯವನು. ಮೂವರ ಮಾತೃಭಾಷೆ ಬೇರೆ, ಓದಿದ ಶಾಲೆ ಬೇರೆ. ಆದರೆ ಕೀಬೋರ್ಡಿನಲ್ಲಿ ‘ಪ್ಯಾಂಜರ್’ ಅಂತ ಹೊಡೆದರೆ ರಸ್ತೆಗೆ ಯುದ್ಧದ ಟ್ಯಾಂಕ್ ಬಂದು ಬೀಳುತ್ತದೆ ಅನ್ನುವುದು ಮೂವರಿಗೂ ಹೈಸ್ಕೂಲಿನಲ್ಲೇ ಗೊತ್ತಿತ್ತು. ನಮ್ಮ ತಲೆಮಾರಿನ ರಾಷ್ಟ್ರೀಯ ಏಕತೆ ಅಂದರೆ ಇದೇ.

ಈ ಆಟಗಳನ್ನು ಮಾಡಿದ ಸ್ಟುಡಿಯೊದ ಅತ್ಯುತ್ತಮ ಆಟ ಯಾವುದು ಎಂಬ ಮಾತು ಒಂದು ಮಧ್ಯಾಹ್ನ ಬಂತು. ಇಬ್ಬರೂ ಒಂದೇ ಉಸಿರಿಗೆ ‘ವೈಸ್ ಸಿಟಿ’ ಅಂದರು. ನಾನು ಅದನ್ನು ಮೂರನೇ ಸ್ಥಾನಕ್ಕೆ ಇಳಿಸಿದೆ. ಅಂದಿನಿಂದ ನನಗೆ ಕ್ಯಾಂಟೀನಿನಲ್ಲಿ ಮರ್ಯಾದೆ ಕಡಿಮೆ. ಹಾಗಾಗಿ ನನ್ನ ವಾದವನ್ನು ನಮ್ಮವರ ಮುಂದೆ ಇಡುತ್ತಿದ್ದೇನೆ.

ಮಿಲ್ಲು ಮುಚ್ಚಿದ ಊರಿನ ಸ್ಟುಡಿಯೊ

ರಾಕ್‌ಸ್ಟಾರ್ ನಾರ್ತ್ ಎಂಬ ಈ ಸ್ಟುಡಿಯೊ ಈಗ ಇರುವುದು ಸ್ಕಾಟ್ಲೆಂಡಿನ ಎಡಿನ್‌ಬರದಲ್ಲಿ. ಹುಟ್ಟಿದ್ದು ಡಂಡಿ ಎಂಬ ಊರಿನಲ್ಲಿ, 1980ರ ದಶಕದ ಕೊನೆಯಲ್ಲಿ, ಡಿಎಂಎ ಡಿಸೈನ್ ಎಂಬ ಹೆಸರಿನಿಂದ. ಡಂಡಿಗೆ ನಮ್ಮ ದೇಶದ ನಂಟು ಹಳೆಯದು. ಬಂಗಾಳದಲ್ಲಿ ಬೆಳೆದ ಸೆಣಬು ಹಡಗೇರಿ ಅಲ್ಲಿನ ಗಿರಣಿಗಳಿಗೆ ಹೋಗುತ್ತಿತ್ತು. ಮುಂದೆ ಕೋಲ್ಕತ್ತದ ಗಿರಣಿಗಳೇ ಪೈಪೋಟಿಗೆ ನಿಂತವು, ಡಂಡಿಯ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಆಮೇಲೆ ಅನ್ನ ಕೊಟ್ಟವುಗಳಲ್ಲಿ ಟೈಮೆಕ್ಸ್ ಕಾರ್ಖಾನೆಯೂ ಒಂದು. ಕೈಗಡಿಯಾರದ ಜೊತೆಗೆ ಸಿಂಕ್ಲೇರ್ ಸ್ಪೆಕ್ಟ್ರಂ ಎಂಬ ಅಗ್ಗದ ಕಂಪ್ಯೂಟರುಗಳೂ ಅಲ್ಲಿ ತಯಾರಾಗುತ್ತಿದ್ದವು. ಅಲ್ಲಿ ಕೆಲಸಕ್ಕಿದ್ದ ಡೇವಿಡ್ ಜೋನ್ಸ್ ಎಂಬ ಯುವಕ ಕೆಲಸ ಬಿಡುವಾಗ ಸಿಕ್ಕ ಪರಿಹಾರದ ಹಣದಲ್ಲಿ ಅಮಿಗಾ ಕಂಪ್ಯೂಟರ್ ಕೊಂಡು ಆಟ ಬರೆಯಲು ಕೂತ. ಸ್ಟುಡಿಯೊದ ಕಥೆ ಶುರುವಾಗುವುದು ಇಲ್ಲಿಂದ.

ಕಾಟನ್ ಮಿಲ್ಲುಗಳಿಂದ ಹೆಸರಾಗಿ, ಅವು ಮುಚ್ಚಿದ ಮೇಲೆ ಬೆಣ್ಣೆ ದೋಸೆಯಿಂದ ಹೆಸರು ಉಳಿಸಿಕೊಂಡ ಊರಿನವನು ನಾನು. ಡಂಡಿಯ ಕಥೆ ನನಗೆ ದೂರದ್ದು ಅನ್ನಿಸುವುದಿಲ್ಲ.

ಪಟ್ಟಿಗೆ ನನ್ನ ನಿಯಮ ಎರಡೇ. ಆಟವನ್ನು ಮುಖ್ಯವಾಗಿ ಈ ಸ್ಟುಡಿಯೊವೇ ಮಾಡಿರಬೇಕು. ಹಾಗಾಗಿ ರಾಕ್‌ಸ್ಟಾರಿನ ಎಲ್ಲ ಸ್ಟುಡಿಯೊಗಳೂ ಸೇರಿ ಮಾಡಿದ ರೆಡ್ ಡೆಡ್ ರಿಡೆಂಪ್ಷನ್ 2 ಇಲ್ಲಿಲ್ಲ. ಎರಡನೆಯದು, ಕಂಪ್ಯೂಟರ್ ಆಫ್ ಮಾಡಿ ಎದ್ದ ಮೇಲೆ ಮನಸ್ಸಿನಲ್ಲಿ ಏನು ಉಳಿಯಿತು ಎಂಬುದಕ್ಕೆ ಹೆಚ್ಚು ಅಂಕ. ಕೆಳಗಿನಿಂದ ಮೇಲಕ್ಕೆ ಹೋಗೋಣ.

7. ಗ್ರ್ಯಾಂಡ್ ಥೆಫ್ಟ್ ಆಟೊ (1997)

ಮೊದಲು ಇದರ ಹೆಸರು ‘ರೇಸ್ ಎನ್ ಚೇಸ್’. ಮೇಲಿನಿಂದ ನೋಡುವ, ಪೊಲೀಸರು ಕಳ್ಳರನ್ನು ಅಟ್ಟಿಸಿಕೊಂಡು ಹೋಗುವ ಸಾಧಾರಣ ಆಟ. ಒಂದು ದಿನ ಪ್ರೋಗ್ರಾಮಿನಲ್ಲಿ ದೋಷ ಸೇರಿಕೊಂಡು ಪೊಲೀಸ್ ಕಾರುಗಳು ಹುಚ್ಚೆದ್ದು ಬಂದು ಗುದ್ದತೊಡಗಿದವು. ಪರೀಕ್ಷೆ ಮಾಡುತ್ತಿದ್ದವರಿಗೆ ಅದೇ ಮಜಾ ಅನ್ನಿಸಿತು. ದೋಷವನ್ನೇ ಆಟ ಮಾಡಿಕೊಂಡರು. ಸಾಫ್ಟ್‌ವೇರಿನಲ್ಲಿ ಬಗ್ ಹುಡುಕಿ ಸಂಬಳ ಎಣಿಸುವ ನನಗೆ ಇಡೀ ಪಟ್ಟಿಯಲ್ಲಿ ಅತ್ಯಂತ ಖುಷಿ ಕೊಡುವ ಸಂಗತಿ ಇದು.

ಬಿಡುಗಡೆಗೆ ಮೊದಲು ಮ್ಯಾಕ್ಸ್ ಕ್ಲಿಫರ್ಡ್ ಎಂಬ ಪ್ರಚಾರತಜ್ಞನನ್ನು ಹಿಡಿದು ವಿವಾದವನ್ನೂ ಹುಟ್ಟಿಸಿದರು. ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್‌ವರೆಗೆ ಮಾತು ಹೋಯಿತು. ಬೈದಷ್ಟೂ ಮಾರಾಟ ಹೆಚ್ಚು ಎಂಬ ಪಾಠವನ್ನು ಈ ಸ್ಟುಡಿಯೊ ಆಮೇಲೆ ಮರೆಯಲಿಲ್ಲ. ಇವತ್ತು ಆಡಲು ಕೂತರೆ ಮಾತ್ರ ಅರ್ಧ ಗಂಟೆಗೆ ಕಣ್ಣು ನೋಯುತ್ತದೆ.

6. ಜಿಟಿಎ 5 (2013)

ಇಷ್ಟು ಕೆಳಗೆ ಯಾಕೆ ಎಂದು ಕೇಳುತ್ತೀರಿ. ಮೂರು ದಿನದಲ್ಲಿ ನೂರು ಕೋಟಿ ಡಾಲರ್ ದುಡಿದ, ಈವರೆಗೆ 20 ಕೋಟಿಗೂ ಹೆಚ್ಚು ಪ್ರತಿ ಮಾರಾಟವಾದ ಆಟ. 2020ರ ಮೇ ತಿಂಗಳಲ್ಲಿ, ಲಾಕ್‌ಡೌನ್ ನಡುವೆ, ಎಪಿಕ್ ಸ್ಟೋರ್ ಇದನ್ನು ಪುಕ್ಕಟೆ ಕೊಟ್ಟಾಗ ನೂಕುನುಗ್ಗಲಿಗೆ ಸ್ಟೋರೇ ಕುಸಿದು ಬಿತ್ತು.

ನಗರ ಸುಂದರವಾಗಿದೆ, ಮೂವರು ನಾಯಕರ ನಡುವೆ ಕ್ಷಣಾರ್ಧದಲ್ಲಿ ಜಿಗಿಯುವ ಉಪಾಯ ಜಾಣತನದ್ದು. ಆದರೆ ಮೈಕಲ್, ಟ್ರೆವರ್, ಫ್ರಾಂಕ್ಲಿನ್ ಮೂವರಲ್ಲಿ ಯಾರ ದುಃಖವೂ ನನ್ನನ್ನು ತಟ್ಟಲಿಲ್ಲ. ಎಲ್ಲರನ್ನೂ ಗೇಲಿ ಮಾಡುವವನ ಜೊತೆ ಒಂದು ಸಂಜೆ ಕೂರಬಹುದು, ಸಂಸಾರ ಮಾಡಲಾಗದು.

5. ಜಿಟಿಎ 3 (2001)

ಇಂದು ‘ಓಪನ್ ವರ್ಲ್ಡ್’ ಎನ್ನುವ ಆಟಗಳೆಲ್ಲ ಯಾವುದೋ ರೀತಿಯಲ್ಲಿ ಇದರ ಮಕ್ಕಳು. ಮೂರು ಆಯಾಮದ ನಗರ, ಅಲ್ಲಿ ಬೇಕಾದ ಕಡೆ ತಿರುಗುವ ಸ್ವಾತಂತ್ರ್ಯ, ಕೆಲಸ ಕೊಟ್ಟವನು ಕಾಯುತ್ತಿದ್ದರೂ ಟ್ಯಾಕ್ಸಿ ಓಡಿಸಿಕೊಂಡು ಕಾಲ ಕಳೆಯುವ ಅವಕಾಶ ಎಲ್ಲ ಒಟ್ಟಿಗೆ ಕೂಡಿ ಬಂದದ್ದು ಇಲ್ಲಿ. ನ್ಯೂಯಾರ್ಕನ್ನೇ ಹೋಲುವ ಊರಿನ ಆಟ ಸೆಪ್ಟೆಂಬರ್ 11ರ ದಾಳಿಯ ಹೊತ್ತಿಗೆ ಹೆಚ್ಚುಕಡಿಮೆ ಸಿದ್ಧವಾಗಿತ್ತು. ಬಿಡುಗಡೆಯನ್ನು ಕೆಲವು ವಾರ ಮುಂದೂಡಿ, ಪೊಲೀಸ್ ಕಾರುಗಳ ಬಣ್ಣ ಬದಲಿಸಿದರು. ಗೌರವಕ್ಕೆ ಐದನೇ ಸ್ಥಾನ. ಮಾತೇ ಆಡದ ನಾಯಕನ ಮೇಲೆ ಪ್ರೀತಿ ಹುಟ್ಟುವುದು ಕಷ್ಟ.

4. ಲೆಮ್ಮಿಂಗ್ಸ್ (1991)

ಪಟ್ಟಿಯಲ್ಲಿ ರಕ್ತವಿಲ್ಲದ ಆಟ ಇದೊಂದೇ. ಹಸಿರು ಕೂದಲಿನ, ನೀಲಿ ಅಂಗಿಯ ಪುಟ್ಟ ಜೀವಿಗಳು ಸಾಲಾಗಿ ನಡೆಯುತ್ತವೆ. ಮುಂದೆ ಹಳ್ಳವಿದ್ದರೂ ನಿಲ್ಲುವುದಿಲ್ಲ. ಒಬ್ಬನಿಗೆ ಅಗೆಯುವ ಕೆಲಸ, ಒಬ್ಬನಿಗೆ ಮೆಟ್ಟಿಲು ಕಟ್ಟುವ ಕೆಲಸ, ಒಬ್ಬನಿಗೆ ಕೊಡೆ ಹಿಡಿದು ಇಳಿಯುವ ಕೆಲಸ ಹಂಚಿ ಆದಷ್ಟು ಜನರನ್ನು ಬಾಗಿಲು ಮುಟ್ಟಿಸಬೇಕು. ಒಟ್ಟು ಎಂಟು ಕೌಶಲ, 120 ಹಂತ. ಮೈಕ್ ಡೈಲಿ ಎಂಬಾತ ಎಂಟು ಚುಕ್ಕಿ ಅಗಲ, ಎಂಟು ಚುಕ್ಕಿ ಎತ್ತರದ ಚೌಕದಲ್ಲಿ ನಡೆಯುವ ಮನುಷ್ಯರನ್ನು ಬಿಡಿಸಬಹುದು ಎಂದು ತೋರಿಸಿದ್ದರಿಂದ ಹುಟ್ಟಿದ ಆಟ. ಡಂಡಿಯಲ್ಲಿ ಇವುಗಳಿಗೆ ಕಂಚಿನ ಪ್ರತಿಮೆಗಳೂ ಇವೆ.

ಇದರಲ್ಲಿ ನನ್ನನ್ನು ಕಾಡುವವನು ‘ಬ್ಲಾಕರ್’. ಎರಡೂ ಕೈ ಚಾಚಿ ಹಳ್ಳದ ಅಂಚಿನಲ್ಲಿ ನಿಂತು ಉಳಿದವರನ್ನು ತಿರುಗಿಸಿ ಕಳಿಸುತ್ತಾನೆ. ಎಲ್ಲರೂ ಬಾಗಿಲು ದಾಟುತ್ತಾರೆ, ಅವನೊಬ್ಬ ಅಲ್ಲೇ ಉಳಿಯುತ್ತಾನೆ. ನಮ್ಮ ಮನೆಗಳಲ್ಲೂ ಇಂಥವರೊಬ್ಬರು ಇರುತ್ತಾರೆ. ನಾನು ಪುಣೆಗೆ ಬಂದೆ, ತಂಗಿ ಮದುವೆಯಾಗಿ ಚೆನ್ನೈಗೆ ಹೋದಳು. ಅಪ್ಪನ ಬಿಪಿ ಮಾತ್ರೆ, ಅಮ್ಮನ ಮಂಡಿನೋವು, ಮನೆ ಕಂದಾಯ ಎಲ್ಲ ಅಣ್ಣನ ಪಾಲಿಗೆ.

3. ವೈಸ್ ಸಿಟಿ (2002)

ಈಗ ವಿವಾದದ ಹೊತ್ತು. ಈ ಆಟ ಭಾರತದಲ್ಲಿ ಆಟವಾಗಿರಲಿಲ್ಲ, ಹಬ್ಬವಾಗಿತ್ತು. ದಾವಣಗೆರೆಯ ಬ್ರೌಸಿಂಗ್ ಸೆಂಟರುಗಳಲ್ಲಿ ಗಂಟೆಗೆ ಇಪ್ಪತ್ತು ರೂಪಾಯಿ. ಒಬ್ಬ ಆಡುವುದು, ನಾಲ್ವರು ಹಿಂದೆ ನಿಂತು ‘ಲೇ, ಬಲಕ್ಕ್ ತಿರುಗಿಸೋ’ ಎನ್ನುವುದು. ಪುಟ್ಟ ರಿಮೋಟ್ ಹೆಲಿಕಾಪ್ಟರಿನಲ್ಲಿ ಬಾಂಬ್ ಹೊತ್ತು ಕಟ್ಟುತ್ತಿರುವ ಕಟ್ಟಡದೊಳಗೆ ಇಡುವ ಆ ಮಿಷನ್ ದಾಟಿದವನಿಗೆ ಪಿಯುಸಿ ಪಾಸಾದವನಿಗಿಂತ ಹೆಚ್ಚು ಗೌರವ.

1986ರ ಮಯಾಮಿಯ ಗುಲಾಬಿ ಸಂಜೆ, ಟಾಮಿ ವರ್ಸೆಟ್ಟಿಗೆ ರೇ ಲಿಯೋಟಾ ಕೊಟ್ಟ ದನಿ, ಕಾರು ಹತ್ತಿದರೆ ರೇಡಿಯೊದಲ್ಲಿ ಮೈಕಲ್ ಜಾಕ್ಸನ್. ಇಂಗ್ಲಿಷ್ ಹಾಡೆಂದರೆ ಏನೆಂದು ಗೊತ್ತಿಲ್ಲದ ನಮ್ಮಂಥ ಎಷ್ಟೋ ಹುಡುಗರಿಗೆ ಎಂಬತ್ತರ ದಶಕದ ಸಂಗೀತ ಕಲಿಸಿದ್ದು ಈ ಆಟ. ಮೊದಲು ಜಿಟಿಎ 3ಕ್ಕೆ ಅಂಟಿಸುವ ಹೆಚ್ಚುವರಿ ಭಾಗವಾಗಿ ಯೋಚಿಸಿದ್ದು, ಬೆಳೆದು ಪ್ರತ್ಯೇಕ ಆಟವಾಯಿತು.

ಹಾಗಾದರೆ ಮೂರನೇ ಸ್ಥಾನ ಯಾಕೆ? ನಮ್ಮ ಪ್ರೀತಿಯ ಅರ್ಧದಷ್ಟು ಆಟಕ್ಕಲ್ಲ, ಹಿಂದೆ ನಿಂತಿದ್ದ ಆ ನಾಲ್ವರಿಗೆ ಸಲ್ಲಬೇಕು. ಅವರನ್ನು ತೆಗೆದು, ಈಗ ಒಬ್ಬನೇ ಕೂತು ಆಡಿದರೆ ಕಥೆ ತೆಳು, ಗುರಿ ಇಡುವುದು ಒಡ್ಡೊಡ್ಡು. ಇನ್ನೊಂದು ಮಾತಿದೆ. ಆಟದ ಸಂಭಾಷಣೆಯೊಂದು ತಮ್ಮ ಸಮುದಾಯವನ್ನು ಕೊಲ್ಲುವ ಮಾತಾಡುತ್ತದೆ ಎಂದು ಅಮೆರಿಕದಲ್ಲಿ ನೆಲೆಸಿದ ಹೈಟಿ ಮೂಲದವರು 2003ರಲ್ಲಿ ಪ್ರತಿಭಟಿಸಿದರು. ಕಂಪನಿ ನಂತರದ ಪ್ರತಿಗಳಿಂದ ಅದನ್ನು ತೆಗೆಯಿತು. ಬ್ರೌಸಿಂಗ್ ಸೆಂಟರಿನಲ್ಲಿ ನಮಗೆ ಹೈಟಿ ಎಲ್ಲಿದೆ ಎಂದೂ ಗೊತ್ತಿರಲಿಲ್ಲ. ‘ಹೊರಗಿನವರು’ ಎಂಬ ಪದವನ್ನು ಬಸ್ಸಿನಲ್ಲಿ, ಬಾಡಿಗೆ ಮನೆ ಹುಡುಕುವಾಗ ಕೇಳಿಸಿಕೊಂಡ ಮೇಲೆ ಆ ಪ್ರತಿಭಟನೆ ಅರ್ಥವಾಗುತ್ತದೆ.

2. ಸ್ಯಾನ್ ಆಂಡ್ರಿಯಾಸ್ (2004)

ಪ್ಲೇಸ್ಟೇಷನ್ 2ರಲ್ಲಿ ಎಲ್ಲಕ್ಕಿಂತ ಹೆಚ್ಚು ಮಾರಾಟವಾದ ಆಟ. ಒಂದಲ್ಲ, ಮೂರು ನಗರ. ನಡುವೆ ಹಳ್ಳಿ, ಮರುಭೂಮಿ, ಬೆಟ್ಟ. ತಿಂದರೆ ದಪ್ಪಗಾಗುವ, ಜಿಮ್ಮಿಗೆ ಹೋದರೆ ಗಟ್ಟಿಯಾಗುವ ನಾಯಕ. ವೈಸ್ ಸಿಟಿಯಲ್ಲಿ ನೀರಿಗೆ ಬಿದ್ದರೆ ಸಾವೇ, ಇಲ್ಲಿ ಈಜಬಹುದು. ಆ ಕಾಲದ ಯಂತ್ರದಲ್ಲಿ ಇಷ್ಟನ್ನು ಹೇಗೆ ತುರುಕಿದರು ಎಂಬುದು ಇಂದಿಗೂ ಸೋಜಿಗ.

ನನಗೆ ಮುಖ್ಯ ಅನ್ನಿಸುವುದು ಅದರ ಆರಂಭ. ಸಿಜೆ ಐದು ವರ್ಷ ದೂರದ ಊರಿನಲ್ಲಿದ್ದು, ತಾಯಿ ಸತ್ತ ಸುದ್ದಿ ಕೇಳಿ ಮನೆಗೆ ಬರುತ್ತಾನೆ. ಅಣ್ಣ ಸ್ವೀಟ್ ಮುಖ ಕೊಟ್ಟು ಮಾತಾಡುವುದಿಲ್ಲ. ಬಿಟ್ಟು ಹೋದವನು ನೀನು, ಈಗ ಬಂದು ಏನು ಮಾಡುತ್ತೀಯ ಎಂಬುದು ಅವನ ಸಿಟ್ಟು. ಪಿಸ್ತೂಲು, ಗ್ಯಾಂಗು ಎಲ್ಲ ಅಮೆರಿಕದ್ದು. ಆದರೆ ಅಣ್ಣನ ಆ ಮೌನವನ್ನು ನಾನು ದಾವಣಗೆರೆ ಬಸ್ ಸ್ಟ್ಯಾಂಡಿನಲ್ಲಿ, ಬ್ಯಾಗು ತೆಗೆದುಕೊಂಡು ಬೈಕಿಗೆ ಕಟ್ಟುವ ಕೈಗಳಲ್ಲಿ ನೋಡಿದ್ದೇನೆ.

1. ಜಿಟಿಎ 4 (2008)

ಕ್ಯಾಂಟೀನಿನಲ್ಲಿ ನಗು ಎದ್ದದ್ದು ಈ ಹೆಸರಿಗೆ. ದೂರುಗಳನ್ನು ಮೊದಲು ಒಪ್ಪಿಬಿಡುತ್ತೇನೆ. ಕಾರುಗಳು ದೋಣಿಯಂತೆ ತೂಗುತ್ತವೆ. ಬಣ್ಣವೆಲ್ಲ ಬೂದು. ಗುಂಡಿನ ಕಾಳಗದ ನಡುವೆ ದಾಯಾದಿ ರೋಮನ್ ಫೋನ್ ಮಾಡಿ ಬೌಲಿಂಗ್ ಆಡಲು ಕರೆಯುತ್ತಾನೆ. ಆದರೂ ಮೊದಲ ಸ್ಥಾನ ಇದಕ್ಕೇ.

ನಿಕೋ ಬೆಲಿಕ್ ಪೂರ್ವ ಯುರೋಪಿನಿಂದ ಹಡಗಿನಲ್ಲಿ ಬರುವ ವಲಸಿಗ. ರೋಮನ್ ಊರಿಗೆ ಬರೆದದ್ದೇನು? ಬಂಗಲೆ, ಕಾರುಗಳು, ಸುಖ. ನಿಕೋ ಬಂದು ನೋಡಿದರೆ ಜಿರಲೆ ಓಡಾಡುವ ಒಂದು ಪುಟ್ಟ ಕೋಣೆ, ತಲೆ ಮೇಲೆ ಸಾಲ, ಹಳೆ ಟ್ಯಾಕ್ಸಿಗಳ ಒಂದು ಶೆಡ್ಡು. 2011ರಲ್ಲಿ ಹಿಂಜೆವಾಡಿಯ ಬಾಡಿಗೆ ಫ್ಲಾಟಿನಲ್ಲಿ, ಎರಡು ಕೋಣೆಗೆ ಆರು ಜನ ಇದ್ದಾಗ, ರೂಮ್‌ಮೇಟಿನ ಕಂಪ್ಯೂಟರಿನಲ್ಲಿ ಇದನ್ನು ಆಡಿದೆ. ಆ ದೃಶ್ಯ ಬಂದಾಗ ಐದು ಜನ ನಕ್ಕೆವು. ಬೀದರಿನ ಹುಡುಗನೊಬ್ಬ ಮಾತ್ರ ಸುಮ್ಮನಿದ್ದ. ಅವನು ಮನೆಯವರಿಗೆ ತನ್ನದು ಸಿಂಗಲ್ ರೂಮು ಎಂದು ಹೇಳಿದ್ದ. ಅಮ್ಮ ಫೋನಿನಲ್ಲಿ ‘ಊಟ ಆತೇನಪ್ಪಾ?’ ಅಂದಾಗ ಹಸಿದವನೂ ‘ಆತಮ್ಮ’ ಅನ್ನುತ್ತಾನೆ. ಪರಊರಿಗೆ ಹೋದವರ ಮೊದಲ ಭಾಷೆ ಅದು. ರೋಮನ್ ಸುಳ್ಳುಗಾರನಲ್ಲ, ಆ ಭಾಷೆ ಬಲ್ಲವನು.

ಅವನ ಬೌಲಿಂಗ್ ಕರೆಗಳನ್ನು ಇಡೀ ಜಗತ್ತು ಗೇಲಿ ಮಾಡಿದೆ. ಅಷ್ಟು ದೊಡ್ಡ ಊರಿನಲ್ಲಿ ತನ್ನ ಭಾಷೆ ಆಡುವ ಒಬ್ಬನೇ ಸಂಬಂಧಿ ಇದ್ದರೆ ನಾವೂ ದಿನಕ್ಕೆ ಮೂರು ಸಲ ಕರೆಯುತ್ತಿದ್ದೆವು. ಪುಣೆಯಲ್ಲಿ ನಮ್ಮ ಭಾನುವಾರದ ಕ್ರಿಕೆಟ್ ತಂಡ ಇರುವುದು ಕ್ರಿಕೆಟ್ಟಿಗೇ ಅಂದುಕೊಂಡಿದ್ದೀರಾ?

ಈ ನಗರವನ್ನು ಕಟ್ಟಿದವರೂ ಹೊರಗಿನವರೇ. ಸ್ಕಾಟ್ಲೆಂಡಿನ ತಂಡ ನ್ಯೂಯಾರ್ಕಿಗೆ ಹೋಗಿ ಸಾವಿರಾರು ಫೋಟೊ ತೆಗೆದು ಬಂದಿತ್ತು. ಕಥೆ ಬರೆದ ಡ್ಯಾನ್ ಹೌಸರ್ ಲಂಡನ್ನಿನಿಂದ ನ್ಯೂಯಾರ್ಕಿಗೆ ಹೋಗಿ ನೆಲೆಸಿದವರು. ಹೊರಗಿನಿಂದ ಬಂದವನ ಕಣ್ಣಿಗೇ ಬೀಳುವ ವಿವರಗಳು ಅಲ್ಲಿವೆ. ಸ್ವಾತಂತ್ರ್ಯ ದೇವಿಯ ಜಾಗದಲ್ಲಿ ನಿಂತ ಪ್ರತಿಮೆಯ ಕೈಯಲ್ಲಿ ದೀಪವಿಲ್ಲ, ಕಾಫಿ ಲೋಟವಿದೆ. ಒಳಗೆ ಹೋಗಿ ನೋಡಿದರೆ ಸರಪಳಿಯಲ್ಲಿ ಕಟ್ಟಿದ ಹೃದಯವೊಂದು ಮಿಡಿಯುತ್ತಿದೆ. ಕೊನೆಯಲ್ಲಿ ಹಣವೋ ಸೇಡೋ ಎಂಬ ಆಯ್ಕೆ ನಿಕೋಗೆ ಸಿಗುತ್ತದೆ. ಯಾವುದನ್ನು ಆರಿಸಿದರೂ ಅವನು ಪ್ರೀತಿಸಿದ ಒಬ್ಬರನ್ನು ಕಳೆದುಕೊಳ್ಳುತ್ತಾನೆ. ಊರು ಬಿಟ್ಟವರ ಲೆಕ್ಕದಲ್ಲಿ ಪೂರ್ತಿ ಲಾಭ ಎಂಬುದಿಲ್ಲ ಎಂದು ಇಷ್ಟು ನೇರವಾಗಿ ಹೇಳಿದ ಇನ್ನೊಂದು ಆಟ ನಾನು ಆಡಿಲ್ಲ.

ಬೆಂಗಳೂರಿಗೂ ಒಂದು ಪಾಲು

ಡಂಡಿಯಲ್ಲಿ ಮೊದಲ ಜಿಟಿಎ ಮುಗಿದ 1997ರಲ್ಲೇ ಬೆಂಗಳೂರಿನಲ್ಲಿ ರಾಜೇಶ್ ರಾವ್ ಧ್ರುವ ಇಂಟರ‍್ಯಾಕ್ಟಿವ್ ಶುರು ಮಾಡಿದರು. ಭಾರತದ ಮೊಟ್ಟಮೊದಲ ಗೇಮ್ ಕಂಪನಿಗಳಲ್ಲಿ ಅದು ಒಂದು. 2016ರಲ್ಲಿ ರಾಕ್‌ಸ್ಟಾರ್ ಬೆಂಗಳೂರಿನಲ್ಲಿ ಸ್ಟುಡಿಯೊ ತೆರೆಯಿತು, 2019ರಲ್ಲಿ ಧ್ರುವವನ್ನು ಕೊಂಡು ಅದರೊಳಗೆ ಸೇರಿಸಿಕೊಂಡಿತು. ರೆಡ್ ಡೆಡ್ 2ಕ್ಕೆ ಆ ತಂಡವೂ ಕೈಜೋಡಿಸಿತ್ತು. ಆಟದ ಕೊನೆಗೆ ಹೆಸರುಗಳ ಸಾಲು ಓಡುವಾಗ ಎಲ್ಲರೂ ಎದ್ದು ಹೋಗುತ್ತಾರೆ. ನೀವು ಕೂತು ಓದಿ.

ಒಂದು ಎಚ್ಚರಿಕೆ: ಲೆಮ್ಮಿಂಗ್ಸ್ ಬಿಟ್ಟರೆ ಪಟ್ಟಿಯ ಉಳಿದ ಆರೂ ಆಟ ಬ್ರಿಟನ್ನಿನಲ್ಲಿ 18 ತುಂಬಿದವರಿಗೆ ಮಾತ್ರ. ಬ್ರೌಸಿಂಗ್ ಸೆಂಟರಿನಲ್ಲಿ ನಮ್ಮ ವಯಸ್ಸು ಕೇಳಿದವರಿಲ್ಲ, ಆದರೆ ಈಗ ಕೇಳುವ ಜಾಗದಲ್ಲಿ ನಾವಿದ್ದೇವೆ. ಜಿಟಿಎ 6 ಬೇಕು ಎಂದು ಹಟ ಹಿಡಿದಿರುವ ಹನ್ನೊಂದರ ಮಗಳಿಗೆ ಸದ್ಯ ಲೆಮ್ಮಿಂಗ್ಸ್ ಹಾಕಿ ಕೊಟ್ಟಿದ್ದೇನೆ. ಹತ್ತನೇ ಹಂತದಲ್ಲಿದ್ದಾಳೆ. ಬ್ಲಾಕರನ್ನು ಬಿಟ್ಟು ಹೋಗದೆ ಎಲ್ಲರನ್ನೂ ದಾಟಿಸುವ ದಾರಿ ಇದೆಯಾ ಅಂತ ಕೇಳುತ್ತಿದ್ದಾಳೆ. ಕೆಲವು ಕಡೆ ಇದೆ, ಅವನ ಕಾಲಡಿಯ ನೆಲ ಅಗೆದು ಬಿಡಿಸಿಕೊಳ್ಳಬಹುದು. ಎಲ್ಲಿ ಅನ್ನುವುದನ್ನು ನಾನು ಹೇಳಿಕೊಟ್ಟಿಲ್ಲ.