ಶ್ಶ್... ಪುಟ್ಟ ಮರಿ ಮಲಗಿದೆ!

ಹೊಸದಾಗಿ ಮನೆಗೆ ಬಂದ ನಾಯಿಮರಿ ಹಗಲೂ ರಾತ್ರಿ ನಿದ್ದೆ ಹೊಡೀತಿದೆಯಾ? ಗಾಬರಿ ಬೇಡ. ಎಷ್ಟು ಹೊತ್ತು ಮಲಗುತ್ತದೆ ಎಂಬುದಕ್ಕಿಂತ, ಎದ್ದಾಗ ಹೇಗಿರುತ್ತದೆ ಎಂಬುದರ ಮೇಲೆ ಕಣ್ಣಿಡಿ.

ಅಂತೂ ಮಕ್ಕಳ ಹಟ ಗೆದ್ದಿತು. ‘ಊಟ ಹಾಕೋದು ನಾನು, ವಾಕಿಂಗ್ ಕರ್ಕೊಂಡು ಹೋಗೋದು ನಾನು, ಗಲೀಜು ಕ್ಲೀನ್ ಮಾಡೋದೂ ನಾನೇ’ ಅಂತ ಆಣೆ ಪ್ರಮಾಣ ಮಾಡಿದ ಮೇಲೆ ನಾಯಿಮರಿ ಮನೆಗೆ ಬಂತು. ಮೊದಲ ದಿನ ಮನೆಯೆಲ್ಲ ಓಡಾಡಿ, ಚಪ್ಪಲಿ ಕಚ್ಚಿ, ಹಾಲ್‌ನ ಮೂಲೆಯಲ್ಲಿ ಸುಸ್ಸು ಮಾಡಿ ಎಲ್ಲರನ್ನೂ ನಗಿಸಿತು. ಮಾರನೇ ದಿನ ನೋಡಿದರೆ ಬರೀ ನಿದ್ದೆ! ತಿಂದಿತು, ಮಲಗಿತು. ಎದ್ದು ಅರ್ಧ ಗಂಟೆ ಆಡಿತು, ಮತ್ತೆ ಮಲಗಿತು. ಮಕ್ಕಳು ಸ್ಕೂಲಿಗೆ, ಯಜಮಾನರು ಆಫೀಸಿಗೆ ಹೋದ ಮೇಲೆ ಮರಿಯ ಜೊತೆ ಮನೆಯಲ್ಲಿ ಉಳಿಯುವವರು ನೀವು. ಆಣೆ ಪ್ರಮಾಣ ಯಾರದಾದರೇನು, ಚಿಂತೆ ಮಾತ್ರ ನಿಮ್ಮದೇ. ‘ಇದಕ್ಕೆ ಹುಷಾರಿಲ್ವಾ? ಕಾಯಿಲೆ ಮರೀನ ತಲೆಗೆ ಕಟ್ಟಿಬಿಟ್ರಾ?’

ಈ ಚಿಂತೆಗೆ ಕಾರಣವೂ ಇದೆ. ‘ಶ್ವಾನನಿದ್ರೆ’ ಅಂದರೆ ಸೂಜಿ ಬಿದ್ದರೂ ಎಚ್ಚರವಾಗುವ ನಿದ್ದೆ ಅಂತ ನಾವೆಲ್ಲ ಕೇಳಿಕೊಂಡೇ ಬೆಳೆದವರು. ಓದುವ ಮಕ್ಕಳಿಗೆ ಅಂಥ ನಿದ್ದೆ ಇರಬೇಕು ಅಂತ ಹಿರಿಯರು ಹೇಳುತ್ತಿದ್ದರು. ಆದರೆ ಅದು ಬೆಳೆದ ನಾಯಿಯ ಮಾತು. ಎರಡು ತಿಂಗಳ ಮರಿಯದು ಕುಂಭಕರ್ಣನ ವಂಶ! ಪಕ್ಕದಲ್ಲೇ ಕುಕ್ಕರ್ ಕೂಗಿದರೂ ಹೊಟ್ಟೆ ಮೇಲೆ ಮಾಡಿಕೊಂಡು ಗೊರಕೆ ಹೊಡೆಯುತ್ತದೆ.

ದಿನಕ್ಕೆ ಎಷ್ಟು ಗಂಟೆ?

ಎರಡು-ಮೂರು ತಿಂಗಳ ಮರಿ ದಿನಕ್ಕೆ 18ರಿಂದ 20 ಗಂಟೆ ಮಲಗುತ್ತದೆ ಎನ್ನುವುದು ಪಶುವೈದ್ಯರು ಸಾಮಾನ್ಯವಾಗಿ ಹೇಳುವ ಲೆಕ್ಕ. ತೂಕಡಿಕೆ, ಸುಮ್ಮನೆ ಬಿದ್ದುಕೊಂಡಿರುವುದು ಎಲ್ಲವೂ ಇದರಲ್ಲಿ ಸೇರಿತು. ನಮ್ಮ ಹಾಗೆ ಒಂದೇ ಸಲ ಎಂಟು ಗಂಟೆ ಮಲಗಿ ಏಳುವುದಿಲ್ಲ. ಅರ್ಧ ಗಂಟೆ, ಒಂದು ಗಂಟೆ, ಎರಡು ಗಂಟೆ ಅಂತ ತುಂಡು ತುಂಡು ನಿದ್ದೆ. ನಡುವೆ ಅರ್ಧದಿಂದ ಒಂದು ಗಂಟೆ ಎಚ್ಚರ. ಆ ಒಂದು ಗಂಟೆಯಲ್ಲೇ ತಿಂದು, ಕುಡಿದು, ಸೋಫಾ ಕೆರೆದು, ನಿಮ್ಮ ಸೀರೆ ಸೆರಗು ಎಳೆದು, ಇದ್ದಕ್ಕಿದ್ದಂತೆ ಬ್ಯಾಟರಿ ಮುಗಿದ ಆಟಿಕೆಯಂತೆ ಕುಸಿದು ಮಲಗುತ್ತದೆ. ತಿಂಗಳುಗಳು ಕಳೆದಂತೆ ನಿದ್ದೆ ಕಡಿಮೆಯಾಗುತ್ತಾ ಬರುತ್ತದೆ. ಬೆಳೆದ ನಾಯಿಗೆ ಸುಮಾರು 12ರಿಂದ 14 ಗಂಟೆ.

ಹಾಗಂತ ಗಡಿಯಾರ ಹಿಡಿದು ಕೂರಬೇಡಿ. ಎಲ್ಲ ಮರಿಗಳೂ ಒಂದೇ ಥರ ಇರುವುದಿಲ್ಲ. ಬ್ರಿಟನ್ನಿನಲ್ಲಿ ನಾಯಿ ಸಾಕಿದವರನ್ನು ಕೇಳಿ ನಡೆಸಿದ ಒಂದು ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಅದರಲ್ಲಿ ನಾಲ್ಕು ತಿಂಗಳ ಆಸುಪಾಸಿನ ಮರಿಗಳ ನಿದ್ದೆಯ ಸರಾಸರಿ ಬಂದಿದ್ದು ದಿನಕ್ಕೆ ಸುಮಾರು 11 ಗಂಟೆ ಮಾತ್ರ! ಮನೆಯವರ ಕಣ್ಣಿಗೆ ಬಿದ್ದ ನಿದ್ದೆಯ ಲೆಕ್ಕ ಅದು. ಅಂದರೆ ಯಾರು ಲೆಕ್ಕ ಹಾಕಿದರು, ಯಾವುದನ್ನು ನಿದ್ದೆ ಅಂದುಕೊಂಡರು ಎಂಬುದರ ಮೇಲೆ ಅಂಕಿ ಬದಲಾಗುತ್ತದೆ. ಆದ್ದರಿಂದ ಪಕ್ಕದ ಮನೆ ಮರಿ 14 ಗಂಟೆ ಮಲಗಿದರೆ, ನಿಮ್ಮದು 19 ಗಂಟೆ ಮಲಗಿದರೆ ಎರಡೂ ಸರಿಯೇ.

ನಿದ್ದೆಯಲ್ಲೇ ಬೆಳವಣಿಗೆ

ಹಸುಗೂಸು ಮಲಗಿದಷ್ಟೂ ಬೆಳೆಯುತ್ತದೆ ಅಂತ ಅಜ್ಜಿಯರು ಹೇಳುವುದು ನಾಯಿಮರಿಗೂ ಒಪ್ಪುವ ಮಾತೇ. ದೇಹ ಬೆಳೆಯಲು ಬೇಕಾದ ಹಾರ್ಮೋನು ಗಾಢ ನಿದ್ದೆಯಲ್ಲಿ ಚೆನ್ನಾಗಿ ಸ್ರವಿಸುತ್ತದೆ. ಹುಟ್ಟಿದಾಗ ಅರ್ಧ ಕೇಜಿಯೂ ತೂಗದ ಲ್ಯಾಬ್ರಡಾರ್ ಮರಿ ಒಂದು ವರ್ಷಕ್ಕೆ 25-30 ಕೇಜಿ ಆಗಬೇಕು ಅಂದರೆ ಸುಮ್ಮನೆಯೇ? ಜೊತೆಗೆ ಹೊಸ ಮನೆ, ಹೊಸ ಮುಖಗಳು, ಹೊಸ ಹೆಸರು, ಎಲ್ಲಿ ಸುಸ್ಸು ಮಾಡಬೇಕು ಎಂಬ ಪಾಠ... ಕಲಿತದ್ದು ತಲೆಯಲ್ಲಿ ಗಟ್ಟಿಯಾಗಿ ಕೂರುವುದಕ್ಕೂ ನಿದ್ದೆ ಬೇಕು.

ನಿದ್ದೆ ಸಾಲದ ಮರಿ ಸುಮ್ಮನೆ ಕೂರುವುದಿಲ್ಲ. ಕಣ್ಣುಜ್ಜಿಕೊಳ್ಳುತ್ತಾ ರಂಪ ಮಾಡುವ ಮಗುವಿನ ಹಾಗೆ ಆಡುತ್ತದೆ. ಸಂಜೆ ಹೊತ್ತು ಹುಚ್ಚೆದ್ದು ಓಡುವುದು, ಕೈಕಾಲು ಕಚ್ಚುವುದು, ಬೈದರೆ ಇನ್ನೂ ಜಾಸ್ತಿ ಮಾಡುವುದು. ‘ಏನ್ ತರ್ಲೆ ಇದು!’ ಅಂತ ಹೊಡೆಯಲು ಹೋಗಬೇಡಿ. ಸುಸ್ಸು ಮಾಡಿಸಿ, ದೀಪ ಮಂದ ಮಾಡಿ ಅದರ ಜಾಗದಲ್ಲಿ ಬಿಡಿ. ಎಷ್ಟೋ ಸಲ ಹತ್ತೇ ನಿಮಿಷಕ್ಕೆ ನಿದ್ದೆಗೆ ಜಾರಿರುತ್ತದೆ.

ಮಲಗಿದಾಗ ಕಾಲು ಒದೆಯುವುದು, ಕಣ್ಣುರೆಪ್ಪೆ ಅದುರುವುದು, ಸಣ್ಣಗೆ ‘ವ್ಞೂಂ ವ್ಞೂಂ’ ಎನ್ನುವುದು ಕಂಡರೂ ಹೆದರಬೇಡಿ. ಅದು ಕನಸು ಕಾಣುವ ಹಂತದ ನಿದ್ದೆ. ಮರಿಗಳಲ್ಲಿ ಇದು ಹೆಚ್ಚು. ಅಲುಗಾಡಿಸಿ ಎಬ್ಬಿಸಬೇಡಿ, ಬೆಚ್ಚಿಬಿದ್ದು ಕಚ್ಚಬಹುದು. ಹೆಸರು ಹಿಡಿದು ಮೆಲ್ಲಗೆ ಕರೆದರೆ ಕಣ್ಣು ಬಿಡುತ್ತದೆ. ಕರೆದರೂ ಎಚ್ಚರವಾಗದೆ ಮೈ ಕಟ್ಟಿಗೆಯಂತೆ ಸೆಟೆದು, ಜೊಲ್ಲು ಸುರಿದು, ಮಲಗಿದಲ್ಲೇ ಮೂತ್ರ ಹೋದರೆ ಅದು ಕನಸಲ್ಲ, ಫಿಟ್ಸ್ ಇರಬಹುದು. ಡಾಕ್ಟರಿಗೆ ತೋರಿಸಲೇಬೇಕು.

ಮೊದಲ ರಾತ್ರಿಗಳ ಅಳು

ಹಗಲೆಲ್ಲ ಮಲಗುವ ಮರಿ ರಾತ್ರಿ ಮಾತ್ರ ಕುಂಯ್‌ಗುಡುತ್ತಾ ಮನೆಮಂದಿಯ ನಿದ್ದೆ ಕೆಡಿಸುವುದುಂಟು. ಪಾಪ, ನಿನ್ನೆಯವರೆಗೆ ತಾಯಿಯ ಹೊಟ್ಟೆಗೆ ಆತು, ಒಡಹುಟ್ಟಿದವರ ರಾಶಿಯ ನಡುವೆ ಮಲಗಿದ್ದ ಜೀವ ಅದು. ‘ಅತ್ತರೆ ಅಳಲಿ ಬಿಡು, ತಾನೇ ಅಭ್ಯಾಸ ಆಗುತ್ತೆ’ ಅಂತ ಬಾಲ್ಕನಿಯಲ್ಲಿ ಕಟ್ಟಿ ಬಾಗಿಲು ಹಾಕಬೇಡಿ. ಮೊದಲ ಒಂದು ವಾರ ಅದರ ಹಾಸಿಗೆಯನ್ನು ನಿಮ್ಮ ಮಂಚದ ಪಕ್ಕದಲ್ಲೇ ಹಾಕಿ. ಕೈ ಇಳಿಬಿಟ್ಟು ಮೈ ಮುಟ್ಟಿದರೆ ಸಾಕು, ಸಮಾಧಾನವಾಗುತ್ತದೆ. ಆಮೇಲೆ ಹಾಸಿಗೆಯನ್ನು ದಿನಕ್ಕಿಷ್ಟು ದೂರ ಸರಿಸುತ್ತಾ ಹೋದರಾಯಿತು.

ರಾತ್ರಿ ಊಟ ಎಂಟು ಗಂಟೆಯೊಳಗೆ ಮುಗಿಸಿ, ಹನ್ನೊಂದಕ್ಕೆ ಕೊನೆಯ ಸಲ ಹೊರಗೆ ಕರೆದೊಯ್ಯಿರಿ. ಎರಡು ತಿಂಗಳ ಮರಿ ಮೂತ್ರ ತಡೆಯುವುದು ಹೆಚ್ಚೆಂದರೆ ಎರಡು-ಮೂರು ಗಂಟೆ. ಹಾಗಾಗಿ ರಾತ್ರಿ ಒಂದೆರಡು ಸಲ ಏಳುವುದು ತಪ್ಪಿದ್ದಲ್ಲ. ಎದ್ದಾಗ ಮುದ್ದಾಟ ಬೇಡ, ಬೈಗುಳವೂ ಬೇಡ. ಮಾಡಿಸಿಕೊಂಡು ಬಂದು ಮಲಗಿಸಿ, ಅಷ್ಟೇ. ನಾಲ್ಕು ತಿಂಗಳ ಹೊತ್ತಿಗೆ ಹೆಚ್ಚಿನ ಮರಿಗಳು ಬೆಳಗಿನವರೆಗೆ ಮಲಗುವುದನ್ನು ಕಲಿಯುತ್ತವೆ. ಈ ಎರಡು ತಿಂಗಳ ರಾತ್ರಿ ಪಾಳಿ ಮನೆಯವರೆಲ್ಲರಿಗೂ ಹಂಚಿಕೆಯಾಗಲಿ. ಎಲ್ಲ ನೀವೊಬ್ಬರೇ ಹೊರಬೇಕಿಲ್ಲ!

ಜಾಗ ಹೀಗಿರಲಿ

ದುಬಾರಿ ಬೆಡ್ ತರುವ ಅಗತ್ಯವಿಲ್ಲ. ಒಂದು ಬದಿ ಕತ್ತರಿಸಿದ ರಟ್ಟಿನ ಪೆಟ್ಟಿಗೆ, ಅದರೊಳಗೆ ಮಡಿಸಿದ ಹಳೇ ಕಾಟನ್ ಸೀರೆ ಸಾಕು, ದಿನಾ ಒಗೆಯುವುದಕ್ಕೂ ಸುಲಭ. ಓಡಾಟ ಕಡಿಮೆ ಇರುವ ಮೂಲೆ ಹುಡುಕಿ. ಒಲೆ, ವೈರು, ಮೆಟ್ಟಿಲು ಹತ್ತಿರ ಇರಬಾರದು. ಚಳಿಗಾಲದಲ್ಲಿ ಬರೀ ಗ್ರಾನೈಟ್ ನೆಲದ ಮೇಲೆ ಬಿಡಬೇಡಿ. ಬಳ್ಳಾರಿ, ಕಲಬುರಗಿಯ ಬೇಸಿಗೆಯಲ್ಲಾದರೆ ಅದೇ ತಣ್ಣನೆ ನೆಲವನ್ನು ಹುಡುಕಿಕೊಂಡು ಹೋಗಿ ಮಲಗುತ್ತದೆ, ಮಲಗಲಿ ಬಿಡಿ. ಪಗ್‌ನಂಥ ಚಪ್ಪಟೆ ಮೂಗಿನ ಮರಿ ಸೆಕೆಯಲ್ಲಿ ಬೇಗ ಬಳಲುತ್ತದೆ. ಅದಕ್ಕೆ ಫ್ಯಾನ್ ಗಾಳಿ, ಕುಡಿಯಲು ನೀರು ಸದಾ ಇರಲಿ.

ನಿದ್ದೆಯೋ, ನಿತ್ರಾಣವೋ?

ನಿಜವಾಗಿ ಗಮನ ಕೊಡಬೇಕಾದ್ದು ಇಲ್ಲಿ. ನಿದ್ದೆ ಬೇರೆ, ನಿತ್ರಾಣ ಬೇರೆ. ಆರೋಗ್ಯವಾಗಿರುವ ಮರಿ ಎಷ್ಟೇ ಮಲಗಲಿ, ಎದ್ದಾಗ ಮೈಮುರಿದು ಬಾಲ ಅಲ್ಲಾಡಿಸುತ್ತದೆ. ಬಟ್ಟಲಿನ ಸದ್ದು ಕೇಳಿದರೆ ಓಡಿ ಬರುತ್ತದೆ. ಬಟ್ಟಲು ಸದ್ದು ಮಾಡಿದರೂ ತಲೆ ಎತ್ತದ, ಎತ್ತಿ ನಿಲ್ಲಿಸಿದರೂ ಮತ್ತೆ ಕುಸಿಯುವ, ಹಿಂದಿನ ದಿನ ಇಷ್ಟಪಟ್ಟು ತಿಂದದ್ದನ್ನು ಮೂಸಿಯೂ ನೋಡದ ಮರಿ ಮಲಗಿರುವುದು ನಿದ್ದೆಗಲ್ಲ.

ಲಸಿಕೆ ಪೂರ್ತಿಯಾಗದ ಮರಿಗಳಿಗೆ ದೊಡ್ಡ ಶತ್ರು ಪಾರ್ವೊ. 1978ರಲ್ಲಿ ಮೊದಲು ಗುರುತಿಸಲಾದ ಈ ವೈರಸ್ ಒಂದೆರಡು ವರ್ಷದಲ್ಲೇ ಪ್ರಪಂಚದಾದ್ಯಂತ ಹರಡಿತು. ಮೈ ಸೇರಿದ ಮೂರರಿಂದ ಏಳು ದಿನಕ್ಕೆ ಲಕ್ಷಣ ತೋರಿಸುತ್ತದೆ. ಲೆಕ್ಕ ಹಾಕಿ ನೋಡಿ: ತಂದ ದಿನ ಚಿನಕುರುಳಿಯಂತಿದ್ದ ಮರಿ ನಾಲ್ಕನೇ ದಿನ ಸಪ್ಪೆಯಾಗಬಹುದು. ಅಂದರೆ ‘ಹೊಸ ಮನೆ ಅಲ್ವಾ, ಸುಸ್ತಾಗಿ ಮಲಗಿದೆ’ ಅಂತ ನಾವು ಸಮಾಧಾನ ಮಾಡಿಕೊಳ್ಳುವ ಅದೇ ವಾರದಲ್ಲಿ! ಮೊದಲು ಮಂಕು, ಊಟ ಬೇಡ. ಆಮೇಲೆ ವಾಂತಿ, ಕೆಟ್ಟ ವಾಸನೆಯ ಭೇದಿ, ಹಲವು ಸಲ ರಕ್ತ ಬೆರೆತ ಭೇದಿ. ಪುಟ್ಟ ದೇಹದ ನೀರೆಲ್ಲ ಬಸಿದುಹೋಗಲು ಒಂದು ದಿನ ಸಾಕು. ಬೇಗ ಆಸ್ಪತ್ರೆಗೆ ಹೋಗಿ ಡ್ರಿಪ್ ಹಾಕಿಸಿದ ಎಷ್ಟೋ ಮರಿಗಳು ಬದುಕುತ್ತವೆ. ‘ಬೆಳಗಾಗಲಿ ನೋಡೋಣ’ ಅಂದವರ ಮರಿಗೆ ಆ ಅವಕಾಶ ತಪ್ಪಬಹುದು.

ಈ ಕೆಳಗಿನ ಯಾವುದೇ ಲಕ್ಷಣ ಕಂಡರೂ ಅದೇ ದಿನ ಪಶುವೈದ್ಯರ ಬಳಿ ಹೋಗಿ:

* ಎಬ್ಬಿಸಿದರೂ ಚುರುಕಾಗದಿರುವುದು, ನಿಂತಾಗ ತೂರಾಡುವುದು
* ಸತತ ಎರಡು ಹೊತ್ತು ಊಟ ಬಿಡುವುದು
* ವಾಂತಿ, ಭೇದಿ, ಮಲದಲ್ಲಿ ರಕ್ತ
* ಒಸಡು ಗುಲಾಬಿ ಬಣ್ಣ ಕಳೆದುಕೊಂಡು ಬಿಳಚಿಕೊಳ್ಳುವುದು. ಜಂತುಹುಳ, ಉಣ್ಣೆಯಿಂದ ಬರುವ ಜ್ವರ ಎರಡರಲ್ಲೂ ಹೀಗಾಗಬಹುದು
* ತಣ್ಣಗೆ ಮಲಗಿರುವಾಗಲೂ ಏದುಸಿರು, ಕೆಮ್ಮು
* ಜ್ವರ. ನಾಯಿಯ ಮೈ ನಮಗಿಂತ ಸಹಜವಾಗಿಯೇ ಬಿಸಿ, 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. 103 ದಾಟಿದರೆ ತಡಮಾಡಬೇಡಿ

ಪೊಮೆರೇನಿಯನ್, ಚಿವಾವಾದಂಥ ಪುಟಾಣಿ ತಳಿಯ ಮರಿ ಹೊಟ್ಟೆ ಖಾಲಿ ಬಿಟ್ಟರೆ ರಕ್ತದಲ್ಲಿ ಸಕ್ಕರೆ ಇಳಿದು ಕುಸಿಯಬಹುದು. ಅಂಥ ಸಂದರ್ಭದಲ್ಲಿ ಜೇನುತುಪ್ಪವನ್ನೋ ಸಕ್ಕರೆ ಪಾಕವನ್ನೋ ಒಸಡಿಗೆ ಸ್ವಲ್ಪ ಸವರಿ, ಕೂಡಲೇ ಡಾಕ್ಟರ್ ಹತ್ತಿರ ಓಡಿ. ಅದು ಬಿಟ್ಟರೆ ಮನೆಮದ್ದು ಬೇಡ. ಮಕ್ಕಳ ಜ್ವರದ ಸಿರಪ್, ನಮ್ಮ ನೋವಿನ ಮಾತ್ರೆಗಳು ನಾಯಿಗೆ ವಿಷವಾಗಬಹುದು.

ಲಸಿಕೆ ತಪ್ಪಿಸಬೇಡಿ

ಆರರಿಂದ ಎಂಟು ವಾರಕ್ಕೆ ಮೊದಲ ಲಸಿಕೆ, ನಂತರ ನಾಲ್ಕು ತಿಂಗಳಾಗುವವರೆಗೆ ಮೂರು-ನಾಲ್ಕು ವಾರಕ್ಕೊಮ್ಮೆ ಮತ್ತೆ ಮತ್ತೆ. ಒಂದು ಇಂಜೆಕ್ಷನ್ ಕೊಡಿಸಿ ‘ಆಯ್ತು’ ಅಂತ ಸುಮ್ಮನಾದರೆ ಪಾರ್ವೊ ವಿರುದ್ಧ ಪೂರ್ತಿ ರಕ್ಷಣೆ ಸಿಗುವುದಿಲ್ಲ. ರೇಬಿಸ್ ಲಸಿಕೆ ಮೂರು ತಿಂಗಳಿಗೆ. ಜಂತುಹುಳದ ಔಷಧಿಯ ದಿನಾಂಕವನ್ನೂ ಡಾಕ್ಟರ್ ಹತ್ತಿರ ಬರೆಸಿಕೊಂಡು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಲಸಿಕೆ ಹಾಕಿಸಿದ ದಿನ ಮರಿ ಮಾಮೂಲಿಗಿಂತ ಹೆಚ್ಚು ಮಲಗಿದರೆ ಅದು ಸಹಜ. ಎರಡು ದಿನವಾದರೂ ಮಂಕು ಬಿಡದಿದ್ದರೆ ಫೋನ್ ಮಾಡಿ. ಮುಖ ಊದಿಕೊಂಡರೆ ಮಾತ್ರ ಕಾಯುವುದೇ ಬೇಡ, ತಕ್ಷಣ ಹೊರಡಿ.

ಮಕ್ಕಳಿಗೆ ಒಂದು ಮಾತು

ಮನೆಯಲ್ಲಿ ಒಂದೇ ಕಾನೂನು ಇರಲಿ: ಮಲಗಿದ ಮರಿಯನ್ನು ಯಾರೂ ಮುಟ್ಟುವಂತಿಲ್ಲ. ಸ್ಕೂಲಿಂದ ಬಂದ ತಕ್ಷಣ ಎತ್ತಿಕೊಂಡು ಕುಣಿಸುವುದು, ಫ್ರೆಂಡ್ಸ್ ಬಂದಾಗಲೆಲ್ಲ ಎಬ್ಬಿಸಿ ತೋರಿಸುವುದು ಬೇಡ. ತಾನಾಗಿ ಎದ್ದು ಬಂದಾಗ ಆಡಲಿ. ಬೆಚ್ಚಿದ ಮರಿ ಕಚ್ಚಿ ಅಥವಾ ಪರಚಿ ರಕ್ತ ಬಂದರೆ ‘ಮರಿ ತಾನೇ, ಏನಾಗಲ್ಲ’ ಅನ್ನಬೇಡಿ. ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅದೇ ದಿನ ವೈದ್ಯರಿಗೆ ತೋರಿಸಿ. ರೇಬಿಸ್‌ಗೆ ಮರಿ, ದೊಡ್ಡದು ಎಂಬ ಭೇದವಿಲ್ಲ.

ಹೀಗಿರಲಿ ದಿನಚರಿ

* ಎದ್ದ ಕೂಡಲೇ, ತಿಂದ ಕೂಡಲೇ, ಆಟ ಮುಗಿದ ಕೂಡಲೇ ಸುಸ್ಸು ಮಾಡಿಸಿ
* ಮೂರು ತಿಂಗಳವರೆಗೆ ದಿನಕ್ಕೆ ನಾಲ್ಕು ಸಲ, ಆರು ತಿಂಗಳವರೆಗೆ ಮೂರು ಸಲ ಊಟ
* ಊಟ, ಆಟ, ಸುಸ್ಸು, ನಿದ್ದೆ ಪ್ರತಿದಿನವೂ ಹೆಚ್ಚುಕಮ್ಮಿ ಅದೇ ಹೊತ್ತಿಗೆ
* ಎಚ್ಚರವಾಗಿ ಒಂದು ಗಂಟೆ ಕಳೆಯಿತೆಂದರೆ ಆಟ ನಿಲ್ಲಿಸಿ, ಮಲಗಲು ಬಿಡಿ
* ಮಲ, ಮೂತ್ರ, ಊಟ ಹೇಗಿತ್ತು ಅಂತ ಮೊದಲ ಎರಡು ವಾರ ಒಂದು ಚೀಟಿಯಲ್ಲಿ ಬರೆದಿಡಿ. ಡಾಕ್ಟರ್ ಕೇಳಿದಾಗ ಉಪಯೋಗಕ್ಕೆ ಬರುತ್ತದೆ

ವರ್ಷ ತುಂಬುವ ಹೊತ್ತಿಗೆ ಗೇಟಿನ ಸಣ್ಣ ಸದ್ದಿಗೂ ಕಿವಿ ನಿಮಿರಿಸುವ ಶ್ವಾನನಿದ್ರೆ ತಾನಾಗಿಯೇ ಬರುತ್ತದೆ. ಆಗ ‘ಸ್ವಲ್ಪ ಹೊತ್ತು ಸುಮ್ನೆ ಮಲ್ಕೋಬಾರ್ದಾ’ ಅಂತ ನೀವೇ ಗದರುತ್ತೀರಿ. ಅಲ್ಲಿಯವರೆಗೆ ಮಲಗಲಿ ಬಿಡಿ. ಬಟ್ಟಲಿನ ಸದ್ದಿಗೆ ಎದ್ದು ಓಡಿ ಬರುತ್ತಿದೆಯಲ್ಲಾ, ಅಷ್ಟು ಸಾಕು.