ಹಳೆಯ ಒಡಲು, ಹೊಸ ಮಿದುಳು

ಜಾಗ್ವಾರ್ ಯುದ್ಧವಿಮಾನ ಭಾರತೀಯ ವಾಯುಪಡೆಯನ್ನು ಸೇರಿದ್ದು 1979ರಲ್ಲಿ. ಅದನ್ನು ಜಂಟಿಯಾಗಿ ರೂಪಿಸಿದ ಎರಡು ದೇಶಗಳ ಪೈಕಿ ಫ್ರಾನ್ಸ್ 2005ರಲ್ಲಿ, ಬ್ರಿಟನ್ 2007ರಲ್ಲಿ ಅದನ್ನು ಸೇವೆಯಿಂದ ಇಳಿಸಿದವು. ಈಗ ಹಾರಿಸುತ್ತಿರುವವರು ನಾವು ಮಾತ್ರ. ತವರಿನಲ್ಲೇ ಇಲ್ಲದ ವಿಮಾನ ಇಲ್ಲಿ ಬಾಳುತ್ತಿರುವುದಾದರೂ ಹೇಗೆ? ಉತ್ತರದ ಬಹುಪಾಲು ಬೆಂಗಳೂರಿನಲ್ಲಿದೆ. ಮೊದಲ ವಿಮಾನಗಳು ಬ್ರಿಟನ್ನಿನಿಂದ ಬಂದವು. ಆಮೇಲೆ ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆ ಇಲ್ಲಿಯೇ ತಯಾರಿಸತೊಡಗಿತು. ಹಳೆಯ ವಿಮಾನ ನಿಲ್ದಾಣದ ಆಸುಪಾಸಿನ ವೀಕ್ಷಕರಿಗೆ ಇದರ ಸದ್ದು ಪರಿಚಿತವೇ ಇರಬೇಕು.

ಶತ್ರುವಿನ ರೇಡಾರಿಗೆ ಸಿಗದಂತೆ ನೆಲಕ್ಕೆ ತೀರ ಸಮೀಪದಲ್ಲಿ ನುಗ್ಗಿ, ಬಾಂಬು ಹಾಕಿ ಹಿಂದಿರುಗುವುದು ಜಾಗ್ವಾರ್‌ನ ಕೆಲಸ. ಆ ವೇಗದಲ್ಲಿ ಊರು, ಹೊಳೆ, ಗುಡ್ಡ ಗುರುತಿಸುವಷ್ಟರಲ್ಲಿ ಹಿಂದೆ ಸರಿದಿರುತ್ತವೆ. ಹಾಗಾಗಿ 'ನಾನೀಗ ಎಲ್ಲಿದ್ದೇನೆ' ಎಂಬುದನ್ನು ತಿಳಿಸುವ ಉಪಕರಣವೇ ಪೈಲಟನಿಗೆ ಆಧಾರ. 1980ರ ದಶಕದಲ್ಲಿ 'ಡಾರಿನ್' ಎಂಬ ಹೆಸರಿನಿಂದ ನಡೆದ ಮೊದಲ ನವೀಕರಣ ಕೈಹಾಕಿದ್ದು ಇಲ್ಲಿಗೇ.

ಇದರ ತತ್ವ ಸರಳ. ಹೊರಟ ಜಾಗ ಗೊತ್ತಿದೆ. ಯಾವ ದಿಕ್ಕಿಗೆ ಎಷ್ಟು ವೇಗೋತ್ಕರ್ಷವಾಯಿತೆಂದು ಕ್ಷಣಕ್ಷಣವೂ ಅಳೆದು ಲೆಕ್ಕಕ್ಕೆ ಸೇರಿಸುತ್ತ ಹೋದರೆ ಈಗಿನ ಸ್ಥಾನ ಸಿಗುತ್ತದೆ. ಹೊರಗಿನ ಸಂಕೇತ ಬೇಡವಾದ್ದರಿಂದ ಶತ್ರು ಅದನ್ನು ಕೆಡಿಸಲಾರ. ಆದರೆ ಸಣ್ಣ ತಪ್ಪೂ ಬಡ್ಡಿಯಂತೆ ಬೆಳೆಯುತ್ತದೆ. ಡಾರಿನ್-2ರಲ್ಲಿ ತಿರುಗುವ ಚಕ್ರದ ಗೈರೊಸ್ಕೋಪಿನ ಬದಲು ಲೇಸರ್ ಗೈರೊ ಬಂತು. ಅದರಲ್ಲಿ ಎರಡು ಬೆಳಕಿನ ಕಿರಣಗಳು ಒಂದೇ ಮುಚ್ಚಿದ ಹಾದಿಯಲ್ಲಿ ಎದುರುಬದುರು ದಿಕ್ಕಿಗೆ ಸುತ್ತುತ್ತವೆ. ವಿಮಾನ ತಿರುಗಿದೊಡನೆ ಎರಡರ ನಡುವೆ ವ್ಯತ್ಯಾಸ ಕಾಣಿಸಿಕೊಳ್ಳುತ್ತದೆ. ಜೊತೆಗೆ ಉಪಗ್ರಹ ಆಧಾರಿತ ಜಿಪಿಎಸ್ ಆಗಾಗ ತಪ್ಪನ್ನು ತಿದ್ದುತ್ತದೆ.

ಕಣ್ಣಿಗೆ ಬೀಳದ ಇನ್ನೊಂದು ಬದಲಾವಣೆ ನನ್ನ ಲೆಕ್ಕದಲ್ಲಿ ಇದಕ್ಕಿಂತ ದೊಡ್ಡದು. ಹಿಂದೆ ಒಂದು ಉಪಕರಣ ಇನ್ನೊಂದರೊಡನೆ ಮಾತನಾಡಲು ಪ್ರತ್ಯೇಕ ತಂತಿ ಬೇಕಿತ್ತು. ಈಗ ಒಂದು ಜೋಡಿ ತಂತಿಯ ಮೇಲೆ ಎಲ್ಲ ಉಪಕರಣಗಳೂ ಸರದಿಯಂತೆ ಸಂಕೇತ ಕಳಿಸುತ್ತವೆ; ಸೆಕೆಂಡಿಗೆ ಹತ್ತು ಲಕ್ಷ ಬಿಟ್‌ಗಳು. ಗೋಡೆ ಒಡೆಯದೆ ಹಳೆಯ ಮನೆಗೆ ಹೊಸ ಫ್ಯಾನು ಹಾಕಿದಷ್ಟು ಸಲೀಸಾಗಿ ಹೊಸ ಉಪಕರಣ ಕೂಡಿಸಬಹುದು. ಸಲೀಸು ಎಂದೆ, ಆದರೆ ತಂತ್ರಾಂಶ ಬದಲಾದ ಪ್ರತಿ ಸಲವೂ ಪರೀಕ್ಷೆಗಳ ಸಾಲು ಕಾದಿರುತ್ತದೆ.

ಡಾರಿನ್-3 ವಿಮಾನ ಮೊದಲು ಹಾರಿದ್ದು 2012ರಲ್ಲಿ. ಮುಳ್ಳಿನ ಮೀಟರುಗಳ ಜಾಗದಲ್ಲಿ ಪರದೆಗಳು ಬಂದವು. ಸಮುದ್ರದ ಗುರಿಗಳಿಗೆಂದು ಸಜ್ಜುಗೊಳಿಸಿದ ಕೆಲವನ್ನು ಬಿಟ್ಟರೆ ಮೂಲ ಜಾಗ್ವಾರ್‌ಗೆ ರೇಡಾರೇ ಇರಲಿಲ್ಲ. ಈಗ ಮೂಗಿನಲ್ಲಿ ಅದೂ ಬಂದಿದೆ. ಮೂಗಿನ ತೂಕ ಹೆಚ್ಚಿದರೆ ತಕ್ಕಡಿ ವಾಲಿದಂತೆ ಸಮತೋಲ ಕೆಡುತ್ತದೆ, ಅದನ್ನೂ ಸರಿತೂಗಿಸಬೇಕು.

ಬದಲಾಗದೆ ಉಳಿದದ್ದು ಎಂಜಿನ್. ಭಾರ ಹೊತ್ತು, ಬೇಸಿಗೆಯ ಬಿಸಿ ಗಾಳಿಯಲ್ಲಿ ಮೇಲೇರಲು 'ಅಡೂರ್' ಎಂಜಿನ್‌ಗಳ ಶಕ್ತಿ ಸಾಲದೆಂಬ ದೂರು ಹಳೆಯದು. ಬಿಸಿ ಗಾಳಿಯ ಸಾಂದ್ರತೆ ಕಡಿಮೆ. ಎಂಜಿನ್ನಿಗೂ ರೆಕ್ಕೆಗೂ ಅದರಿಂದ ಸಿಗುವ ಬಲ ಕಡಿಮೆ. ಅಮೆರಿಕದ ಹೊಸ ಎಂಜಿನ್ ಕೂಡಿಸುವ ಯೋಜನೆಯೊಂದಿತ್ತು. ವೆಚ್ಚ ವಿಪರೀತವಾದ್ದರಿಂದ 2019ರಲ್ಲಿ ಅದನ್ನು ಕೈಬಿಡಲಾಯಿತು. ಮಿದುಳನ್ನು ಮೂರು ಸಲ ಬದಲಿಸಿದೆವು, ಹೃದಯಕ್ಕೆ ಹಣ ಸಾಲಲಿಲ್ಲ.

ಇನ್ನುಳಿದದ್ದು ಒಡಲು. ತಂತಿಯನ್ನು ಹಿಂದೆ ಮುಂದೆ ಬಗ್ಗಿಸುತ್ತಿದ್ದರೆ ಒಮ್ಮೆ ತುಂಡಾಗುತ್ತದಲ್ಲವೇ? ರೆಕ್ಕೆಯ ಬುಡದ ಲೋಹಕ್ಕೂ ಅದೇ ಪಾಡು. ಆದ್ದರಿಂದ ವಿಮಾನದ ವಯಸ್ಸನ್ನು ಕ್ಯಾಲೆಂಡರಿನಿಂದಷ್ಟೇ ಅಳೆಯುವುದಿಲ್ಲ. ಹಾರಿದ ಗಂಟೆ, ತಿರುವಿನಲ್ಲಿ ತಾಳಿಕೊಂಡ ಭಾರ ಎಲ್ಲವನ್ನೂ ದಾಖಲಿಸುತ್ತಾರೆ. ಕಣ್ಣಿಗೆ ಕಾಣದ ಬಿರುಕನ್ನು ಶ್ರವಣಾತೀತ ಧ್ವನಿಯಿಂದ ಹುಡುಕುತ್ತಾರೆ. 2025ರಲ್ಲಿ ಮೂರು ಜಾಗ್ವಾರ್‌ಗಳು ಪತನಗೊಂಡು ಮೂವರು ಪೈಲಟ್‌ಗಳು ಮಡಿದರು. ಬದಲಿ ವಿಮಾನಗಳು ಸಾಕಷ್ಟು ಬರುವ ತನಕ ಉಳಿದವು ಹಾರುತ್ತಲೇ ಇರಬೇಕಾಗಿದೆ.