ಮನಸ್ಸಿಗೆ ಅಳತೆಗೋಲು ಹಿಡಿದವರು

ಮಕ್ಕಳೇ, ನಮ್ಮ ಹಾವೇರಿ ಜಿಲ್ಲೆ ಹುಟ್ಟಿದ್ದು 1997ರಲ್ಲಿ. ಅದಕ್ಕೂ ಮೊದಲು ನಮ್ಮೂರು ಹತ್ತಿಮತ್ತೂರು, ನಮ್ಮ ಸವಣೂರು ತಾಲೂಕು ಎಲ್ಲವೂ ಧಾರವಾಡ ಜಿಲ್ಲೆಗೆ ಸೇರಿದ್ದವು. ಆ ಧಾರವಾಡದಲ್ಲಿ ಸುಮಾರು 90 ವರ್ಷಗಳ ಹಿಂದೆ ಸಾವಿರಕ್ಕೂ ಹೆಚ್ಚು ಮಕ್ಕಳು ಒಂದು ವಿಶೇಷ ಪರೀಕ್ಷೆಗೆ ಕೂತಿದ್ದರು. ಅದರಲ್ಲಿ ಪಾಸು ಇಲ್ಲ, ನಪಾಸು ಇಲ್ಲ. ಒಬ್ಬೊಬ್ಬರನ್ನೇ ಎದುರಿಗೆ ಕೂಡಿಸಿಕೊಂಡು ಪ್ರಶ್ನೆ ಕೇಳುವುದು; ಯಾವ ವಯಸ್ಸಿನ ಮಗು ಏನೇನು ಮಾಡಬಲ್ಲದು ಎಂದು ಬರೆದುಕೊಳ್ಳುವುದು. ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳಿಗಾಗಿ ಇದನ್ನು ಸಿದ್ಧ ಮಾಡಿದವರು ವಿ.ವಿ. ಕಾಮತ್. 'ಬಿನೆ-ಕಾಮತ್ ಪರೀಕ್ಷೆ' ಎಂಬ ಹೆಸರಿನಿಂದ ಅದು ನಮ್ಮ ದೇಶದಲ್ಲಿ ಇಂದಿಗೂ ಬಳಕೆಯಲ್ಲಿದೆ.

ಇದನ್ನೆಲ್ಲ ನಾನು ಹುಡುಕಿ ಓದಲು ಕಾರಣ ನನ್ನ ಮೊಮ್ಮಗಳು. ಎಸ್ಸೆಸ್ಸೆಲ್ಸಿ ಮುಗಿಸಿದವಳು ಪಿಯುಸಿಗೆ ಮನಃಶಾಸ್ತ್ರ ತೆಗೆದುಕೊಳ್ಳುತ್ತೇನೆ ಎಂದು ಹಟ ಹಿಡಿದಳು. "ಹುಚ್ಚರ ಡಾಕ್ಟರ್ ಆಗಾಕಿ ಏನು? ಸುಮ್ನ ಕಾಮರ್ಸ್ ತಗೋ, ಅಜ್ಜನಂಗ ಬ್ಯಾಂಕ್ ಸೇರು" ಎಂದ ಅವಳಪ್ಪ. ಆಕೆ ನನ್ನ ಕಡೆ ತಿರುಗಿ, "ಅಜ್ಜಾ, ಮನಸ್ಸಿನ ಮ್ಯಾಲೆ ಸಂಶೋಧನಾ ಮಾಡೋರು ಎಂಥಾ ಮಂದಿ? ಏನ್ ಓದಿರತಾರ? ನೀನರ ಹೇಳು" ಎಂದಳು. ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಲೆಡ್ಜರು ಬರೆದವನು ನಾನು. ಲೆಕ್ಕ ತಾಳೆ ನೋಡದೆ ಉತ್ತರ ಕೊಟ್ಟು ರೂಢಿ ಇಲ್ಲ. ಎರಡು ವಾರ ಟೈಮು ಕೇಳಿ ಓದಲು ಕೂತೆ.

ಮೊದಲು ಸಿಕ್ಕವರು ಫ್ರಾನ್ಸ್ ದೇಶದ ಆಲ್ಫ್ರೆಡ್ ಬಿನೆ. ಅವರು ಓದಿದ್ದು ಕಾನೂನು! ಅದು ರುಚಿಸದೆ ಗ್ರಂಥಾಲಯದಲ್ಲಿ ಕೂತು ಮನಃಶಾಸ್ತ್ರವನ್ನು ತಾವೇ ಕಲಿತರು. ತಮ್ಮ ಇಬ್ಬರು ಹೆಣ್ಣುಮಕ್ಕಳು ಯೋಚಿಸುವ ರೀತಿಯನ್ನು ಮನೆಯಲ್ಲೇ ಗಮನಿಸಿ ಬರೆದಿಟ್ಟರು. ಕಲಿಕೆಯಲ್ಲಿ ಹಿಂದೆ ಬೀಳುವ ಮಕ್ಕಳಿಗೆ ಹೇಗೆ ನೆರವಾಗಬೇಕು ಎಂದು ಯೋಚಿಸಲು 1904ರಲ್ಲಿ ಅಲ್ಲಿಯ ಸರಕಾರ ಒಂದು ಸಮಿತಿ ಮಾಡಿತು. ಅದರಲ್ಲಿದ್ದ ಬಿನೆ, ಸಿಮೋನ್ ಎಂಬ ವೈದ್ಯರ ಜೊತೆ ಸೇರಿ 1905ರಲ್ಲಿ 30 ಪ್ರಶ್ನೆಗಳ ಪರೀಕ್ಷೆ ರಚಿಸಿದರು. 'ಇವನು ದಡ್ಡ' ಎಂದು ಹಣೆಗೆ ಚೀಟಿ ಅಂಟಿಸುವುದು ಅವರ ಉದ್ದೇಶವಾಗಿರಲಿಲ್ಲ. ಯಾರಿಗೆ ಹೆಚ್ಚು ಆರೈಕೆ ಬೇಕು ಎಂದು ತಿಳಿಯುವುದೇ ಉದ್ದೇಶವಾಗಿತ್ತು.

ಮುಂದೆ ಪ್ಯಾರಿಸ್‌ನಲ್ಲಿ ಬಿನೆ ಕೆಲಸ ಮಾಡಿದ ಜಾಗಕ್ಕೇ ಸ್ವಿಟ್ಜರ್ಲೆಂಡಿನಿಂದ ಒಬ್ಬ ತರುಣ ಬಂದರು. ಹೆಸರು ಜ್ಯಾನ್ ಪಿಯಾಜೆ. ಅವರು ಡಾಕ್ಟರೇಟ್ ಪಡೆದದ್ದು ಬಸವನಹುಳುವಿನ ಜಾತಿಯ ಮೃದು ಜೀವಿಗಳ ಅಧ್ಯಯನಕ್ಕೆ! ಮಕ್ಕಳಿಗೆ ಪರೀಕ್ಷೆ ಕೊಡುತ್ತ ಕೊಡುತ್ತ ಅವರಿಗೆ ಸರಿ ಉತ್ತರಗಳಿಗಿಂತ ತಪ್ಪು ಉತ್ತರಗಳೇ ಕುತೂಹಲ ಹುಟ್ಟಿಸಿದವು. ಒಂದೇ ವಯಸ್ಸಿನ ಮಕ್ಕಳು ಒಂದೇ ಬಗೆಯ ತಪ್ಪು ಮಾಡುತ್ತಿದ್ದರು. ಅಂದರೆ ಮಗುವಿನ ತಪ್ಪಿಗೂ ಒಂದು ತರ್ಕವಿದೆ ಎಂದಾಯಿತು. ಮಗು ದೊಡ್ಡವರಂತೆಯೇ ಯೋಚಿಸುವುದಿಲ್ಲ, ಬೇರೆಯೇ ರೀತಿ ಯೋಚಿಸುತ್ತದೆ ಎಂಬುದನ್ನು ಪಿಯಾಜೆ ಜೀವನವಿಡೀ ಶೋಧಿಸಿದರು. ಹುಳುವನ್ನು ತಾಳ್ಮೆಯಿಂದ ನೋಡಿದ ಕಣ್ಣೇ ಮಗುವನ್ನೂ ನೋಡಿತು.

ಈಗ ಮತ್ತೆ ಧಾರವಾಡಕ್ಕೆ ಬರೋಣ. ಬಿನೆಯವರ ಪರೀಕ್ಷೆಯನ್ನು ಅಮೆರಿಕದ ಟರ್ಮನ್ ಎಂಬವರು 1916ರಲ್ಲಿ ತಮ್ಮ ದೇಶಕ್ಕೆ ಹೊಂದಿಸಿಕೊಂಡಿದ್ದರು. ಅಲ್ಲಿಯ ನಾಣ್ಯಗಳ ಹೆಸರು ಹೇಳುವ ಪ್ರಶ್ನೆಯೂ ಅದರಲ್ಲಿತ್ತು. ಆಣೆ, ಪೈ, ದುಡ್ಡು ಎಣಿಸುವ ನಮ್ಮ ಮಗುವಿಗೆ ಅಮೆರಿಕದ ನಾಣ್ಯ ತೋರಿಸಿ, ಉತ್ತರ ಬಾರದಿದ್ದರೆ ಬುದ್ಧಿ ಕಡಿಮೆ ಎಂದರೆ ನ್ಯಾಯವೇ? ಅಳತೆಗೋಲು ಆಯಾ ನೆಲದ್ದೇ ಆಗಿರಬೇಕು. ಅದಕ್ಕಾಗಿಯೇ ಕಾಮತರು ನಮ್ಮ ಮಕ್ಕಳ ನಡುವೆ, ನಮ್ಮ ಮಕ್ಕಳ ಮಾತಿನಲ್ಲಿ ಪರೀಕ್ಷೆಯನ್ನು ಹೊಸದಾಗಿ ಹೊಂದಿಸಿದರು. 1934ರಲ್ಲಿ ಇಂಗ್ಲೆಂಡಿನ ಪತ್ರಿಕೆಯೊಂದರಲ್ಲಿ ಅವರ ಲೇಖನ ಬಂತು. 1940ರಲ್ಲಿ ಪುಸ್ತಕವೂ ಬಂತು.

ಮೈಸೂರಿನ ಕಥೆ ಇನ್ನೂ ಸ್ವಾರಸ್ಯವಾಗಿದೆ. ನಮ್ಮ ದೇಶದಲ್ಲಿ ಮನಃಶಾಸ್ತ್ರಕ್ಕೆ ಪ್ರತ್ಯೇಕ ವಿಭಾಗ ಮೊದಲು ಶುರುವಾದದ್ದು ಕಲ್ಕತ್ತೆಯಲ್ಲಿ, 1916ರಲ್ಲಿ. 1924ರಲ್ಲಿ ಮೈಸೂರು ವಿಶ್ವವಿದ್ಯಾಲಯದಲ್ಲೂ ಶುರುವಾಯಿತು. ಅದನ್ನು ಕಟ್ಟಿದವರು ಡಾ. ಎಂ.ವಿ. ಗೋಪಾಲಸ್ವಾಮಿ. ಲಂಡನ್ನಿನಲ್ಲಿ ಅವರ ಗುರು ಸ್ಪಿಯರ್‌ಮನ್. ಆ ಗುರುವೂ ಮೊದಲು ಬ್ರಿಟಿಷ್ ಸೈನ್ಯದಲ್ಲಿ ಎಂಜಿನಿಯರ್ ಅಧಿಕಾರಿಯಾಗಿದ್ದು, ಆಮೇಲೆ ಮನಃಶಾಸ್ತ್ರಕ್ಕೆ ಬಂದವರು. ಶಿಷ್ಯ ಗೋಪಾಲಸ್ವಾಮಿಯವರಿಗೆ ರೇಡಿಯೋ ಹುಚ್ಚು. 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ಬಾನುಲಿ ಕೇಂದ್ರ ಆರಂಭಿಸಿದರು. ಅದರ ಹೆಸರು 'ಆಕಾಶವಾಣಿ'. ಮುಂದೆ ದೇಶದ ಸರಕಾರಿ ರೇಡಿಯೋಗೂ ಅದೇ ಹೆಸರಾಯಿತು. ಅಜ್ಜಂದಿರೇ, ನಾವು ದಿನವೂ ವಾರ್ತೆಗೆ ಮುಂಚೆ ಕೇಳಿದ ಆ ಪದವನ್ನು ರೇಡಿಯೋಗೆ ತಂದವರು ಒಬ್ಬ ಮನಃಶಾಸ್ತ್ರದ ಮೇಷ್ಟ್ರು!

ಮೈಸೂರಿನಲ್ಲೇ ಪ್ರಾಧ್ಯಾಪಕರಾಗಿದ್ದ ಬಿ. ಕುಪ್ಪುಸ್ವಾಮಿಯವರ ಕೆಲಸ ನನ್ನಂಥ ಲೆಕ್ಕದವನಿಗೆ ಬಹಳ ಹಿಡಿಸಿತು. ಪಟ್ಟಣದ ಕುಟುಂಬವೊಂದರ ಸ್ಥಿತಿಗತಿ ತಿಳಿಯಲು ಅವರು 1976ರಲ್ಲಿ ಪ್ರಕಟಿಸಿದ ಮಾಪನದಲ್ಲಿ ಮೂರೇ ಬಾಬತ್ತು: ಯಜಮಾನರ ಓದಿಗೆ ಹೆಚ್ಚೆಂದರೆ 7 ಅಂಕ, ಉದ್ಯೋಗಕ್ಕೆ 10, ವರಮಾನಕ್ಕೆ 12. ಒಟ್ಟು 29. ಮಕ್ಕಳ ಆರೋಗ್ಯ ಅಧ್ಯಯನ ಮಾಡುವ ವೈದ್ಯರು ಈಗಲೂ ಇದನ್ನು ಬಳಸುತ್ತಾರೆ. ಆದರೆ 1976ರ ರೂಪಾಯಿ ಇಂದಿನ ರೂಪಾಯಿಯಲ್ಲವಲ್ಲ! ಆದ್ದರಿಂದ ಗ್ರಾಹಕ ಬೆಲೆ ಸೂಚ್ಯಂಕ ನೋಡಿ ವರಮಾನದ ಅಂಕಿಗಳನ್ನು ಆಗಾಗ ತಿದ್ದುತ್ತಾರೆ. ಬ್ಯಾಂಕಿನಲ್ಲಿ ನಮ್ಮ ತುಟ್ಟಿಭತ್ಯೆ ಏರುತ್ತಿದ್ದದ್ದೂ ಇಂಥದೇ ಸೂಚ್ಯಂಕದ ಮೇಲೆಯೇ.

ಬೆಂಗಳೂರಿನಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಯಿತು. ಅದೇ 1974ರಲ್ಲಿ ಮಾನಸಿಕ ಆಸ್ಪತ್ರೆಯೊಂದಿಗೆ ಕೂಡಿ ನಿಮ್ಹಾನ್ಸ್ ಆಯಿತು. ಅಲ್ಲಿ ಮನಃಶಾಸ್ತ್ರ ಕಲಿಸಿದ ಎಸ್.ಕೆ. ರಾಮಚಂದ್ರರಾವ್ ಅವರಿಗೆ ಸಂಸ್ಕೃತ, ಪಾಲಿ, ಟಿಬೆಟನ್ ಭಾಷೆಗಳು ಬರುತ್ತಿದ್ದವು. ಆಗಮಗಳ ಮೇಲೆ, ದೇವಾಲಯಗಳ ಶಿಲ್ಪದ ಮೇಲೆ ದೊಡ್ಡ ದೊಡ್ಡ ಸಂಪುಟಗಳನ್ನು ಬರೆದರು.

ನೋಡಿದಿರಾ? ಕಾನೂನು, ಬಸವನಹುಳು, ಸೈನ್ಯ, ರೇಡಿಯೋ, ಆಗಮ. ಎಲ್ಲಿಂದೆಲ್ಲಿಂದಲೋ ಬಂದವರು. ಕೈಯಲ್ಲಿ ಹಿಡಿಯಲು ಬಾರದ ಮನಸ್ಸನ್ನು ಅರಿಯಲು ಒಂದೇ ದಾರಿ ಸಾಲದು. ಒಂದೇ ಪರೀಕ್ಷೆಯೂ ಸಾಲದು. ನನ್ನ ಕೌಂಟರಿಗೆ ಹೆಬ್ಬೆಟ್ಟು ಒತ್ತಲು ಬರುತ್ತಿದ್ದ ರೈತರೊಬ್ಬರು ಮೂರು ವರ್ಷದ ಬಡ್ಡಿಯನ್ನು, ನಾನು ಪೆನ್ನು ತೆಗೆಯುವಷ್ಟರಲ್ಲಿ ಬಾಯಲ್ಲೇ ಹೇಳಿಬಿಡುತ್ತಿದ್ದರು. ಅವರ ಬುದ್ಧಿಗೆ ಯಾವ ಶಾಲೆಯೂ ಅಂಕ ಕೊಟ್ಟಿರಲಿಲ್ಲ.

ಎರಡು ವಾರ ಕಳೆದ ಮೇಲೆ ಮಗನಿಗೆ ಇಷ್ಟನ್ನೂ ಹೇಳಿದೆ. ಜೊತೆಗೆ ಇನ್ನೊಂದು ಮಾತು: ಎಂಬಿಬಿಎಸ್ ಓದಿ ಮಾನಸಿಕ ರೋಗಕ್ಕೆ ಔಷಧಿ ಬರೆಯುವವರು ಮನೋವೈದ್ಯರು. ಮನಃಶಾಸ್ತ್ರಜ್ಞರ ಓದಿನ ದಾರಿ ಬೇರೆ. ಬಿ.ಎ., ಎಂ.ಎ. ಮಾಡಿಯೂ ಈ ಸಂಶೋಧನೆಗೆ ಹೋಗಬಹುದು. ನಮ್ಮ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲೇ ಮನಃಶಾಸ್ತ್ರ ವಿಭಾಗವಿದೆ. ಮಗ ಅರ್ಜಿಯ ಫಾರ್ಮನ್ನು ತಿರುವಿ ನೋಡಿ, "ವಿಚಾರ ಮಾಡೂಣು ತಗೋ" ಎಂದ. ಮೊಮ್ಮಗಳು ಫಾರ್ಮನ್ನು ಇನ್ನೂ ತುಂಬಿಲ್ಲ, ಹರಿದೂ ಹಾಕಿಲ್ಲ.

ಅಜ್ಜ-ಅಜ್ಜಿಯರೇ, ಬಿನೆ ಬುದ್ಧಿಯನ್ನು ಅಳೆದು ಸುಮ್ಮನಾಗಲಿಲ್ಲ. ಬುದ್ಧಿಯನ್ನು ಬೆಳೆಸಬಹುದು ಎಂದು ನಂಬಿದ್ದರು. ಗಮನ ಕೊಡುವುದನ್ನು ಕಲಿಸಲು ಅವರು ಮಕ್ಕಳಿಗೆ ಹೇಳಿದ ಒಂದು ಆಟ ಯಾವುದು ಗೊತ್ತೇ? ಹೇಳಿದೊಡನೆ ಕಲ್ಲಿನ ಮೂರ್ತಿಯಂತೆ ಅಲುಗಾಡದೆ ನಿಲ್ಲುವುದು. ನಮ್ಮ ಓಣಿಯ ಮಕ್ಕಳು 'ಸ್ಟ್ಯಾಚ್ಯೂ' ಎಂದು ಕೂಗಿ ಆಡುತ್ತಾರಲ್ಲ, ಹೆಚ್ಚುಕಡಿಮೆ ಅದೇ. ಮೊಮ್ಮಕ್ಕಳಿಗೆ 'ದಡ್ಡ' ಎನ್ನುವ ಮಾತು ಬಾಯಿಗೆ ಬಂದಾಗ, ಅದರ ಬದಲು ಸ್ಟ್ಯಾಚ್ಯೂ ಆಡಿಸಿ ನೋಡಿ. ಮಕ್ಕಳೇ, ನೀವು ಅಜ್ಜನಿಗೂ ಹೇಳಿ ನೋಡಿ. ಯಾರು ಮೊದಲು ನಗುತ್ತಾರೋ ಅವರು ಔಟ್!